ಕಂದುಗಟ್ಟಿದ ಅಲೈನರ್

ಅಪ್ಪನ ಲಾಂಡ್ರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಯಾರೇ ಬಟ್ಟೆ ತರಲಿ, ಕೌಂಟರಿನ ಮೇಲೆ ಹರಡಿ, ಕಲೆಯ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಇದೇನು ಬಿದ್ದಿದ್ದು?" ಉತ್ತರ ಬರುವವರೆಗೆ ಬಟ್ಟೆ ನೀರು ಕಾಣುವುದಿಲ್ಲ. ರಕ್ತದ ಕಲೆಗೆ ಬಿಸಿನೀರು ತಾಗಿದರೆ ಅದು ಕೂತೇಬಿಡುತ್ತದೆ.

ಓದು ಮುಗಿಸಿದ ನಾನು ಅದೇ ಕೌಂಟರಿನಲ್ಲಿ ಕೂರುತ್ತೇನೆ. ಹಲ್ಲು ನೇರ ಮಾಡಲು ಅಲೈನರ್ ಹಾಕಿಕೊಂಡು ವರ್ಷದ ಮೇಲಾಯಿತು. ಹಲ್ಲಿನ ಮೇಲೆ ಕೂರುವ, ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಕವಚ ಅದು. ಅದಿದ್ದಾಗ 'ಸ' ಅಂದರೆ ಬರೀ ಗಾಳಿ. ಹಾಗಾಗಿ ಮಾತು ಕಡಿಮೆ ಮಾಡಿದೆ. ಬರಬರುತ್ತ ಮೌನವೇ ನನ್ನ ಸ್ವಭಾವ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟರು. ಕೆಲವು ವಾರಕ್ಕೊಂದರಂತೆ ಬದಲಿಸುತ್ತ ಬಂದು, ಈಗಿನದು ಕೊನೆಯ ಅಲೈನರ್. ಇದೊಂದು ಮುಗಿದರೆ ಹಗಲು ಬಾಯಿಗೆ ಬಿಡುಗಡೆ.

ನಿನ್ನೆ ಹಲ್ಲಿನ ಕ್ಲಿನಿಕ್ಕಿನ ಸಹಾಯಕಿ ಅದನ್ನು ಬೆಳಕಿಗೆ ಹಿಡಿದು, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಅಂದಳು: "ಏನಮ್ಮಾ, ಇದನ್ನ ಹಾಕ್ಕೊಂಡೇ ಕಾಫಿ ಕುಡೀತೀಯಾ? ತೊಳೀದ ಲೋಟದ ಹಾಗಿದೆ!"

ಜನ ನಕ್ಕರು. ಪಕ್ಕದಲ್ಲಿದ್ದ ಅಪ್ಪನೂ ನಕ್ಕರು. "ಅವಳಿಗೆ ಕಾಫಿ ಅಂದ್ರೆ ಪ್ರಾಣ."

ಅಲೈನರ್ ಹಾಕಿಕೊಂಡು ನಾನು ನೀರು ಬಿಟ್ಟು ಬೇರೇನೂ ಕುಡಿದವಳಲ್ಲ. ಒಸಡು ಊದಿಕೊಂಡಾಗ ಬಾಯಿ ಮುಕ್ಕಳಿಸಲು ಕ್ಲಿನಿಕ್ಕಿನವರೇ ಔಷಧಿ ಕೊಟ್ಟಿದ್ದರು. ಕಂದು ಬಣ್ಣ ಹತ್ತಿದ್ದು ಅದರಿಂದ. ಮೈ ಉರಿಯಿತು. ಆದರೂ ಬಾಯಿ ತೆರೆಯಲಿಲ್ಲ.

ಇವತ್ತು ಊಟಕ್ಕೆಂದು ಅಲೈನರ್ ತೆಗೆದು ಬಟ್ಟಲಲ್ಲಿಟ್ಟಿದ್ದೆ. ತಿರುಗಿ ಬಂದರೆ ಬಟ್ಟಲು ಖಾಲಿ.

"ಬಾ ಇಲ್ಲಿ! ಇನ್ಮೇಲೆ ಯಾರು ನಗ್ತಾರೋ ನೋಡೋಣ," ಒಳಗಿನಿಂದ ಅಪ್ಪ ಕೂಗಿದರು.

ಅಂಗಿಯ ಕಾಲರ್ ನೆನೆಸುವ ಕುದಿನೀರಿನಿಂದ ಏನನ್ನೋ ಇಕ್ಕಳದಲ್ಲಿ ಎತ್ತಿದರು. ನನ್ನ ಅಲೈನರ್ ಒಣಗಿದ ಎಲೆಯಂತೆ ಮುದುಡಿತ್ತು. ಕಂದು ಬಣ್ಣ ಹಾಗೇ ಇತ್ತು.

ಅಪ್ಪನ ಮುಖ ಇಳಿಯಿತು. "ಕಾಲರಿನ ಜಿಡ್ಡೇ ಬಿಡುತ್ತೆ, ಇದ್ಯಾವ ಲೆಕ್ಕ ಅನ್ಕೊಂಡೆ..."

ಕೌಂಟರಿನ ಮೇಲೆ ಯಾರದೋ ಕೋಟು ಹರಡಿತ್ತು. ಅದನ್ನೇ ಎತ್ತಿ ಹಿಡಿದೆ.

"ಇದು ಯಾರದು ಅಂತ ನಿಮಗೆ ಗೊತ್ತೇ ಇಲ್ಲ. ಆದ್ರೂ ಕಲೆ ಏನಂತ ಕೇಳಿದ್ರಿ, ಅಲ್ವಾ? ಊರವರ ಅಂಗಿಗೆಲ್ಲ ಕೇಳ್ತೀರಿ. ಸ್ವಂತ ಮಗಳ ಬಾಯಲ್ಲಿರೋದಕ್ಕೆ ಕೇಳೋದು ಬೇಡ್ವಾ?"

ಬಾಯಲ್ಲಿ ಏನೂ ಇರಲಿಲ್ಲ. ಒಂದು ಅಕ್ಷರವೂ ಗಾಳಿಯಾಗಿ ಸೋರಲಿಲ್ಲ.

"ನೀನಾದ್ರೂ ಬಾಯಿಬಿಟ್ಟು ಹೇಳ್ಬೇಕಿತ್ತು, ಮಗಳೇ."

"ನೀವು ನಗೋ ಮುಂಚೆ ಕೇಳ್ಬೇಕಿತ್ತು."

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಹೊಸದು ಬರಲು ವಾರಗಟ್ಟಲೆ ಬೇಕಂತೆ. ಅಲ್ಲಿಯವರೆಗೆ ಹಲ್ಲು ಹಿಂದಕ್ಕೆ ಸರಿಯದಂತೆ ಹಳೆಯದನ್ನೇ ಹಾಕಿಕೊಳ್ಳಬೇಕು. ಬಿಡುಗಡೆ ಮತ್ತೆ ಮುಂದಕ್ಕೆ ಹೋಯಿತು. ಡ್ರಾಯರಿನಿಂದ ಹಳೆಯದನ್ನು ತೆಗೆದೆ.

ಅಪ್ಪ ಕೌಂಟರಿನ ಮೇಲೆ ಒಗೆದ ಟವೆಲ್ ಹಾಸಿ, ಮುದುಡಿದ್ದನ್ನು ಅದರ ಮೇಲಿಟ್ಟರು. ಕಂದು ಬಣ್ಣದ ಮೇಲೆ ಬೆರಳಿಟ್ಟು, ಗಿರಾಕಿಯನ್ನು ಕೇಳುವಂತೆಯೇ ಕೇಳಿದರು:

"ಇದೇನು ಬಿದ್ದಿದ್ದು?"

ಒಂದು ದಿನ ತಡವಾಗಿ ಬಂದ ಪ್ರಶ್ನೆ. ಸಿಟ್ಟು ಇಳಿದಿರಲಿಲ್ಲ.

"ಕ್ಲಿನಿಕ್ಕಿನವರೇ ಕೊಟ್ಟ ಔಷಧಿ. ಕಾಫಿ ಅಲ್ಲ."

ಅಪ್ಪ ಅಂಗಡಿಯ ಬೀಗದಕೈ ತೆಗೆದುಕೊಂಡರು. "ನಡಿ, ಕ್ಲಿನಿಕ್ಕಿಗೆ ಹೋಗಿ ವಿಚಾರಿಸ್ತೀನಿ."

"ನಾನೇ ಹೇಳ್ತೀನಿ. ಅಲ್ಲಿ ಕಾಯ್ತಿರೋ ಜನರ ಎದುರಿಗೇ. ನೀವು ನಗದೆ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

ಹಳೆಯ ಅಲೈನರನ್ನು ಬಾಯಿಗೆ ಹಾಕಲಿಲ್ಲ. ಡಬ್ಬಿಯಲ್ಲಿಟ್ಟು, ಜೇಬಿಗೆ ಸೇರಿಸಿ, ಅಪ್ಪನಿಗಿಂತ ಮುಂದೆ ಹೊರಟೆ.