ಗೇಣು ದೂರದ ಗೆರೆ

ಭದ್ರಾವತಿಯ ಹಾಲಮ್ಮನ ಮನೆಯಲ್ಲಿ ಎಲ್ಲರಿಗೂ ಒಂದೇ ಒಲೆಯ ತಿಂಡಿ. ರೊಟ್ಟಿ, ಬದನೆಕಾಯಿ ಪಲ್ಯ. ಗಂಡ ಮಾರಪ್ಪ, ಮಗ ಪರಮೇಶ್ ನಡುಮನೆಯಲ್ಲಿ ಕೂತು ತಿನ್ನುತ್ತಾರೆ. ಮಗಳು ಮೈತ್ರಿಯ ತಟ್ಟೆ ಮಾತ್ರ ಬಚ್ಚಲ ಕಿಟಕಿಯ ಮೇಲೆ. ಹಾಲಮ್ಮ ಸೌಟನ್ನು ಎತ್ತರ ಹಿಡಿದು ಅದಕ್ಕೆ ಬಡಿಸುತ್ತಾಳೆ. ಗಂಡನಿಂದ ಎಚ್‌ಐವಿ ತಗುಲಿ, ಅವನೂ ತೀರಿಕೊಂಡು, ಮೈತ್ರಿ ತವರಿಗೆ ಬಂದ ದಿನದಿಂದ ಹೀಗೇ.

ನಾನು ಭವಾನಿ, ಚಿತ್ರಕಲೆಯ ಟೀಚರ್. ಶಿವಮೊಗ್ಗದ ರವೀಂದ್ರನಗರದಲ್ಲಿ ಎಚ್‌ಐವಿ ಇರುವವರ ಸಂಘವೊಂದು ಭಾನುವಾರ ಸೇರುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬಿಡಿಸಿಯಾದರೂ ತೋರಿಸಲಿ ಎಂದು ಅಲ್ಲಿ ಚಿತ್ರ ಬರೆಸುತ್ತೇನೆ. ಒಂದು ಭಾನುವಾರ ಮನೆಯವರನ್ನೂ ಕರೆಸಿದ್ದೆ, ಅಲ್ಲಿಗೆ ಬರುತ್ತಿದ್ದ ಮೈತ್ರಿಯ ಜೊತೆ ಹಾಲಮ್ಮ ಬಂದಿದ್ದಳು. ಒಬ್ಬರು ದೊಡ್ಡ ಕಾಗದದ ಮೇಲೆ ಮಲಗಬೇಕು, ಮನೆಯವರು ಅವರ ಮೈಸುತ್ತ ಪೆನ್ಸಿಲ್ ಎಳೆಯಬೇಕು. ಆಮೇಲೆ ಅದಕ್ಕೆ ಬಣ್ಣ ತುಂಬುವುದು.

ಮೈತ್ರಿ ಮಲಗಿದಳು. ಹಾಲಮ್ಮ ಸೆರಗು ಸಿಕ್ಕಿಸಿ, ಮೊಣಕಾಲೂರಿ, ಉಸಿರು ಬಿಗಿಹಿಡಿದು ಎಳೆದಳು. ಮೈತ್ರಿ ಎದ್ದ ಮೇಲೆ ನೋಡಿದರೆ ಆ ಗೆರೆಯೊಳಗೆ ಇಬ್ಬರು ಮಲಗಬಹುದಿತ್ತು. ಎಲ್ಲೆಡೆ ಮೈಯಿಂದ ಒಂದು ಗೇಣು ದೂರ.

“ಇದೇನ್ ಹಾಲಮ್ಮ, ನಿಮ್ಮ ಮಗಳು ಇಷ್ಟು ದಪ್ಪ ಇದಾಳಾ?” ಎಂದೆ.

“ಕೈ ತಾಗಿಬಿಡ್ತದೆ ಅಂತ, ಮೇಡಂ...”

ಮೈತ್ರಿ ನಕ್ಕಳು. “ಬಿಡಿ ಮೇಡಂ, ಅಮ್ಮ ಸುಳ್ಳು ಬರ್ದಿಲ್ಲ. ಮನೇಲೂ ಇಷ್ಟೇ ದೂರ.”

ಅವಳು ಆ ಗೆರೆಯ ಉದ್ದಕ್ಕೂ ತನ್ನ ತಟ್ಟೆ, ಲೋಟ, ಬೇರೆ ಹಗ್ಗದಲ್ಲಿ ಒಣಗುವ ಸೀರೆ ಬಿಡಿಸಿದಳು. ನಡುವಿನ ಜಾಗ ಖಾಲಿ ಬಿಟ್ಟಳು.

ನನಗೆ ಮೈ ಉರಿದುಹೋಯಿತು. ಮರುದಿನವೇ ಭದ್ರಾವತಿಗೆ ಹೋದೆ.

“ಮುಟ್ಟಿದ್ರೆ, ಒಟ್ಟಿಗೆ ಉಂಡ್ರೆ ಬರೋ ಕಾಯಿಲೆ ಅಲ್ಲ ಮಾರಪ್ಪನೋರೆ. ದಿನಾ ಮಾತ್ರೆ ತಗೊಂಡ್ರೆ ನಮ್ಮ ನಿಮ್ಮ ಹಾಗೇ ಬದುಕ್ತಾಳೆ.”

“ನಿಮಗೇನು, ಹೇಳಿ ಹೋಗ್ತೀರಿ,” ಎಂದ ಮಾರಪ್ಪ. “ಪರಮೇಶಂಗೆ ಹೆಣ್ಣು ಗೊತ್ತಾಗಿದೆ. ಬೀಗರ ಕಡೆಯೋರೊಬ್ಬರು ಇವಳು ಮಾತ್ರೆ ತರೋ ಆಸ್ಪತ್ರೇಲೇ ಕೆಲಸಕ್ಕಿದಾರೆ. ಮದುವೆ ಮುಗಿಯೋವರೆಗೂ ಇವಳು ಆ ಕಡೆ ತಲೆ ಹಾಕೋ ಹಂಗಿಲ್ಲ.”

“ಮಾತ್ರೆ ನಿಂತ್ರೆ ಜೀವಕ್ಕೇ ಕುತ್ತು ಬರುತ್ತೆ. ನಾನೇ ಬೇರೆ ಕಡೆ ಕೊಡಿಸ್ತೀನಿ.”

“ಮರ್ಯಾದೆ ಹೋದ್ಮೇಲೆ ಜೀವ ಇಟ್ಕೊಂಡು ಏನ್ ಮಾಡೋದು?”

ಅವನ ಮರ್ಯಾದೆ, ಅವಳ ಜೀವ. ಹಾಲಮ್ಮ ಬಾಗಿಲ ಹಿಂದೆ ನಿಂತಿದ್ದಳು. ಆ ವಾರವೇ ಮೈತ್ರಿಯ ಫೋನ್ ಕಿತ್ತುಕೊಂಡು ಅವಳನ್ನು ಯಾವುದೋ ದೂರದ ನೆಂಟರ ಮನೆಗೆ ಸಾಗಿಸಿದರು. ಎಲ್ಲಿ ಎಂದು ಕೇಳಿದರೆ ನನಗೆ ಯಾರೂ ಹೇಳಲಿಲ್ಲ.

ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಮಾತ್ರೆ ಮುಗಿದು ತಿಂಗಳುಗಳಾದವು, ಮೈತ್ರಿಗೆ ಕ್ಷಯ ಹತ್ತಿತು. ಆಸ್ಪತ್ರೆಗೆ ತಂದಾಗ ಕೈಮೀರಿತ್ತು. ಹೆಣಕ್ಕೆ ನೀರು ಹಾಕಲೂ ನೆಂಟರು ತಾಯಿಯನ್ನು ಬಿಡಲಿಲ್ಲವಂತೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಹಾಗೇ ಮಣ್ಣು ಮಾಡಿದರು. ಓದುವವರೇ, ಆ ಕಾಯಿಲೆಗೆ ಮದ್ದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಪರಮೇಶನ ಮದುವೆಯೂ ಆಮೇಲೆ ಚೆನ್ನಾಗಿಯೇ ನಡೆಯಿತು.

ಮೊನ್ನೆ ಹಾಲಮ್ಮ ಒಬ್ಬಳೇ ಬಸ್ಸಿಳಿದು ಸಂಘಕ್ಕೆ ಬಂದಳು.

“ಮೈತ್ರಿ ಚಿತ್ರ ಇದ್ಯಾ ಮೇಡಂ?”

ನೆಲದ ಮೇಲೆ ಹಾಸಿಕೊಟ್ಟೆ. ಪೆನ್ಸಿಲ್ ಕೇಳಿ ಇಸಕೊಂಡಳು. “ಈ ಸಲ ತಾಗಿಸೇ ಎಳೀತೀನಿ,” ಎಂದು ಹಳೆಯ ಗೆರೆಯ ಒಳಗೆ ಬಗ್ಗಿದಳು. ಪೆನ್ಸಿಲ್ ಕಾಗದಕ್ಕೆ ಮುಟ್ಟಿಸಿ, ಎತ್ತಿ, ಇನ್ನೊಂದು ಕಡೆ ಮುಟ್ಟಿಸಿದಳು.

“ಭುಜ ಎಲ್ಲಿಗೆ ಬರ್ತಿತ್ತು ಮೇಡಂ?” ಎಂದಳು. “ಅವಳನ್ನ ಮುಟ್ಟಿ ಎಷ್ಟೋ ವರ್ಷ ಆಯ್ತು. ನಂಗೆ ಗೊತ್ತಾಗ್ತಿಲ್ಲ.”