ಆಷಾಢದಲ್ಲಿ ಮದುಮಗಳು ಎಲ್ಲಿದ್ದಳು?

ನಮ್ಮ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಅದರ ತುಂಬ ಶೇಂಗಾ ಚಟ್ನಿಪುಡಿ. ಅದು ನಮಗಾಗಿ ಮಾಡಿದ್ದಲ್ಲ. ಮಗಳು ಕಾಂಚನಾ ಗಂಡನ ಹತ್ತಿರ ಕೆನಡಾಕ್ಕೆ ಹೋಗುವಾಗ ಒಯ್ಯಲಿ ಎಂದು ಮಾಡಿಟ್ಟದ್ದು. ಈ ತಿಂಗಳು ವೀಸಾ ಬಂದೀತು ಎಂದುಕೊಂಡು ಕುಟ್ಟುತ್ತೇನೆ. ಬರುವುದಿಲ್ಲ. ಪುಡಿಗೆ ಮುಗ್ಗಿದ ವಾಸನೆ ಹಿಡಿಯುವ ಮೊದಲು ನಾವೇ ರೊಟ್ಟಿಗೆ ಹಚ್ಚಿಕೊಂಡು ತಿಂದು ಮುಗಿಸುತ್ತೇವೆ. ಮತ್ತೆ ಶೇಂಗಾ ಹುರಿಯಲು ಇಡುತ್ತೇನೆ.

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಇಂಥ ಡಬ್ಬಿಗಳು ಇನ್ನೂ ಇದ್ದಾವು. ಡಬ್ಬಿ ಇಲ್ಲದಿದ್ದರೆ ಕಪಾಟಿನ ಮೇಲೆ ತುಂಬಿಟ್ಟ ಒಂದು ಸೂಟ್‌ಕೇಸು ಇದ್ದೀತು. ಮದುವೆಯಾಗಿದೆ. ಗಂಡ ಅಥವಾ ಹೆಂಡತಿ ಹೊರದೇಶದಲ್ಲಿ. ಇಲ್ಲಿ ಒಂದು ಜೀವ ಫೋನು ಹಿಡಿದು ಕೂತಿದೆ. ಅಂಥ ಮನೆಯವರು ಓದಲಿ ಎಂದು, ನಮ್ಮ ಮನೆಯಲ್ಲಿ ಆದದ್ದನ್ನು ಕೆಲಸದ ನಡುವೆ ಬಿಡುವಾದಾಗಲೆಲ್ಲ ಬರೆದಿದ್ದೇನೆ.

ಕಾಂಚನಾ ಠಾಣೆಯಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ರಾಜಶೇಖರ ಕಲ್ಯಾಣದವರು. ಫ್ರಿಜ್, ಏಸಿ ರಿಪೇರಿಯ ಕೆಲಸ ಕಲಿತು ಕೆನಡಾಕ್ಕೆ ಹೋಗಿ ಅಲ್ಲೇ ನೆಲೆ ನಿಂತವರು. ಹೋದ ವರ್ಷ ರಜೆ ಹಾಕಿ ಬಂದಾಗ ಮದುವೆ ಮಾಡಿದೆವು. ಆಷಾಢ ಹಿಡಿಯುವುದರೊಳಗೆ ಆಗಲಿ ಎಂದು ಅವಸರದಲ್ಲೇ ಮಾಡಿದೆವು.

ಮದುವೆಯಾಗಿ ವಾರ ಕಳೆಯುವಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿ ಇರಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬೀಗತಿ ಮಹಾದೇವಕ್ಕ ತಾವೇ ಬಂದು ಕಾಂಚನಾಳನ್ನು ನಮ್ಮ ಮನೆಗೆ ಬಿಟ್ಟು ಹೋದರು. ರಾಜಶೇಖರ, "ಅವ್ವಾ, ನನ್ನ ರಜಾ ಇರೋದ ಇದೊಂದ್ ತಿಂಗಳ" ಎಂದು ಬೇಡಿಕೊಂಡರಂತೆ. ಮಹಾದೇವಕ್ಕ, "ಒಂದ್ ತಿಂಗಳ ತಡಕೋ. ಮುಂದ ಜಲ್ಮ ಪೂರ್ತಿ ಕೂಡೇ ಇರೂದೈತಲ್ಲ" ಎಂದರಂತೆ.

ಅಳಿಯ ಕಲ್ಯಾಣದಲ್ಲಿ, ಮಗಳು ನಮ್ಮ ಹತ್ತಿರ ಡೊಂಬಿವಲಿಯಲ್ಲಿ. ನಡುವೆ ಇರುವುದು ಒಂದೇ ಒಂದು ಸ್ಟೇಶನ್ನು, ಠಾಕುರ್ಲಿ. ಆ ತಿಂಗಳು ಕಾಂಚನಾ ಸಂಜೆ ಡೊಂಬಿವಲಿಯಲ್ಲಿ ಇಳಿಯುತ್ತಿರಲಿಲ್ಲ. ಮುಂದಿನ ಠಾಕುರ್ಲಿಯಲ್ಲಿ ಇಳಿಯುತ್ತಿದ್ದಳು. ಅವರು ಕಲ್ಯಾಣದ ಕಡೆಯಿಂದ ಬರುತ್ತಿದ್ದರು. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂತು, ಮಳೆ ನೋಡಿ, ಎದ್ದು ಬೇರೆಬೇರೆ ಗಾಡಿ ಹತ್ತುತ್ತಿದ್ದರು. ರಜೆ ಮುಗಿಯಿತು, ರಾಜಶೇಖರ ಹಾರಿ ಹೋದರು. ಹೆಂಡತಿಯನ್ನು ಕರೆಸಿಕೊಳ್ಳಲು ಶ್ರಾವಣದಲ್ಲಿ ಅರ್ಜಿ ಹಾಕಿದರು.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಬೆಳಿಗ್ಗೆ ನಮ್ಮ ನಳಕ್ಕೆ ನೀರು ಬರುವ ಹೊತ್ತಿಗೆ ಅಲ್ಲಿ ರಾತ್ರಿಯ ಊಟದ ಸಮಯ. ಕಾಂಚನಾ ಫೋನನ್ನು ಗೋಡೆಗೆ ಒರಗಿಸಿಟ್ಟು ಬಕೀಟು ತುಂಬುತ್ತಾಳೆ, ಅವರು ಅಲ್ಲಿ ತಟ್ಟೆ ಹಿಡಿದು ಕೂತಿರುತ್ತಾರೆ. ಎಷ್ಟೋ ದಿನ ಇಬ್ಬರೂ ಮಾತಾಡುವುದೇ ಇಲ್ಲ. ನೀರು ಬೀಳುವ ಸಪ್ಪಳ ಅವರು ಕೇಳುತ್ತಾರೆ, ಚಮಚದ ಸಪ್ಪಳ ಇವಳು ಕೇಳುತ್ತಾಳೆ. ಇಲ್ಲಿ ಒಣಹಾಕಿದ ಬಟ್ಟೆ ಗಾಳಿಗೆ ಹಾರಿ ಬಿದ್ದರೂ ಅವಳ ಲಕ್ಷ್ಯ ಇರುವುದಿಲ್ಲ. ಅಲ್ಲಿ ಇವತ್ತು ಹಿಮ ಬೀಳುತ್ತದೋ ಇಲ್ಲವೋ ಎಂಬುದು ಮಾತ್ರ ಗೊತ್ತಿರುತ್ತದೆ.

ಯುಗಾದಿ ಮುಗಿದ ಮೇಲೆ ಆ ದೇಶದ ಕಚೇರಿಯಿಂದ ಒಂದು ಪ್ರಶ್ನೆ ಬಂತು. ಮದುವೆಯಾದ ಮೇಲೆ ಗಂಡ ಅದೇ ಊರಿನ ಕಡೆ ಇದ್ದರೂ ನೀವಿಬ್ಬರೂ ಕೂಡಿ ಯಾಕೆ ಇರಲಿಲ್ಲ? ಕಾರಣ ತಿಳಿಸಿ, ನಿಮ್ಮ ಸಂಬಂಧಕ್ಕೆ ಇನ್ನಷ್ಟು ಪುರಾವೆ ಕಳಿಸಿ. ಉತ್ತರಕ್ಕೆ ಗಡುವೂ ಇತ್ತು.

ಕಾಂಚನಾ ಅದನ್ನು ಮೂರು ಸಲ ಓದಿದಳು. "ಆಯೀ, ಅವರಿಗೆ ನಮ್ಮ ಲಗ್ನಾನೇ ಸುಳ್ಳು ಅನಸ್ತದ ಏನು?" ಎಂದು ನನ್ನನ್ನು ಕೇಳಿದಳು. ಹಿಟ್ಟು ಹತ್ತಿದ ಕೈ. ಹಾಗೇ ಅವಳ ತಲೆಯ ಮೇಲೆ ಇಟ್ಟೆ.

ನಮ್ಮ ಯಜಮಾನರು ಗುರುಪಾದಪ್ಪ. ಉಲ್ಹಾಸನಗರದಲ್ಲಿ ಪರದೆ ಬಟ್ಟೆಯ ಅಂಗಡಿ ಇವರದು. ಅಂಗಡಿಗೆ ಬಂದುಹೋಗುವ ರಮಾಕಾಂತ ಎಂಬ ವೀಸಾ ಏಜಂಟರನ್ನು ಕೇಳಿಕೊಂಡು ಸಂಜೆ ಬಂದರು. ಮುಖ ಹಗುರಾಗಿತ್ತು.

"ಚಿಂತಿ ಬಿಡ್ರಿ. ಉಪಾಯ ಸಿಕ್ಕೈತಿ. ಲಗ್ನ ಆದ ದಿನದಿಂದ ಇಬ್ರೂ ದಿವಾದಾಗ ಭಾಡಗಿ ಮನ್ಯಾಗ ಕೂಡೇ ಇದ್ರು ಅಂತ ರಮಾಕಾಂತ ಒಂದು ಕರಾರುಪತ್ರ ಮಾಡಿಸಿ ಕೊಡ್ತಾರಂತ. ಹಿಂದಿನ ತಾರೀಖು ಹಾಕಿ."

"ಪಪ್ಪಾ, ನಾ ದಿವಾದಾಗ ಒಮ್ಮೇನೂ ಇಳದಿಲ್ಲ. ಲೋಕಲ್ ಕಿಡಕಿಯಿಂದ ನೋಡೀನಿ, ಬಸ್."

"ಅವರೇನು ಬಂದು ನೋಡ್ತಾರೇನು?"

ನಾನು, "ಇದ್ದದ್ದನ್ನ ಬರದ್ರ ಆಗೂದಿಲ್ಲೇನ್ರಿ? ಆಷಾಢ ಇತ್ತು, ಕಳಸಿದ್ವಿ ಅಂತ" ಎಂದೆ.

"ಆಷಾಢ ಅಂದ್ರ ಅವರಿಗೇನು ತಿಳೀತೈತಿ? ಅರ್ಧ ವರ್ಷ ಬರ್ಫ್ ಬೀಳೂ ಊರು ಅದು. ಹೊಸ್ತಲಾ, ಅತ್ತಿ, ಸೊಸಿ ಅಂತ ಬರದ್ರ ನಕ್ಕು ಫೈಲ್ ಮುಚ್ಚಿಡ್ತಾರ."

ಪಕ್ಕದ ಮನೆಯ ಸ್ವರ್ಣಲತಾ ಅಷ್ಟರಲ್ಲಿ ನಮ್ಮ ಪಾತ್ರೆ ಕೊಟ್ಟುಹೋಗಲು ಬಂದಿದ್ದರು. ಉಡುಪಿ ಕಡೆಯವರು. ಗಂಡ ಜಯಶೀಲ ಸ್ಟೇಶನ್ನಿನ ಹತ್ತಿರ ಹೋಟೆಲು ನಡೆಸುತ್ತಾರೆ. ಸ್ವರ್ಣಲತಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದರು.

"ಅಣ್ಣ, ಮಧ್ಯೆ ಬಾಯಿ ಹಾಕ್ತೇನೆ ಅಂತ ಬೇಜಾರು ಮಾಡ್ಬೇಡಿ. ಆ ಕಾಗದ ಒಂದು ಮಾಡಿಸ್ಬೇಡಿ."

ನಮ್ಮ ಯಜಮಾನರಿಗೆ ಸಿಟ್ಟು ಬಂತು. "ನಿಮಗ ಹೇಳಾಕ ಹಗರ ಐತಿ ತಂಗೀ. ನಿಮ್ಮ ದಿಶಾ ಪ್ರಮೋಷನ್ ಸಲುವಾಗಿ ತಾನಾಗೇ ಇಲ್ಲಿ ಉಳಕೊಂಡಾಳ. ನಮ್ಮ ಹುಡಿಗಿಗೆ ಗಂಡನ ಕಡೆ ಹೋಗೂದೈತಿ."

ದಿಶಾ ಸ್ವರ್ಣಲತಾರ ಮಗಳು. ಅವಳ ಗಂಡ ಸಮಿತ್ ಕೂಡ ಕೆನಡಾದಲ್ಲೇ. ಐರೋಲಿಯ ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಿದೆ, ಅದಕ್ಕೆ ತಡವಾಗಿ ಹೋಗುತ್ತಾಳೆ ಎಂದು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು.

ಸ್ವರ್ಣಲತಾ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟರು. ಒಳಗೆ ಬಂದು ಕೂತರು.

"ಪ್ರಮೋಷನ್ನೂ ಇಲ್ಲ, ಎಂತದೂ ಇಲ್ಲ ಅಣ್ಣ. ಅವಳಿಗೆ ಐದು ವರ್ಷ ಆ ದೇಶದ ಬಾಗಿಲು ಬಂದ್."

ಸೆರಗಿನಿಂದ ಕೈ ಒರೆಸಿಕೊಂಡು ಮುಂದುವರಿದರು.

"ನಮ್ಮದೂ ಒಬ್ಬ ಏಜಂಟ್ ಇದ್ದ. ಗಂಡ ಹೆಂಡತಿ ಹೆಸರಲ್ಲಿ ಜಾಯಿಂಟ್ ಖಾತೆ ಉಂಟು ಅಂತ ತೋರಿಸಿದ್ರೆ ಬೇಗ ಆಗ್ತದೆ ಅಂದ. ಬ್ಯಾಂಕಿನ ಕಾಗದ ಅವನೇ ಮಾಡಿಸಿದ. ಖಾತೆಯೇ ಇರ್ಲಿಲ್ಲ. ಅಲ್ಲಿಯವರು ಬ್ಯಾಂಕಿಗೇ ಕೇಳಿದ್ರು. ಮದುವೆ ಸತ್ಯ, ಫೋಟೋ ಸತ್ಯ, ಮಗಳು ಸತ್ಯ. ಒಂದು ಕಾಗದ ಸುಳ್ಳು. ಅಷ್ಟೇ ಸಾಕಾಯ್ತು. ಏಜಂಟ್ ಮಾಡಿದ್ದು ಅಂದ್ರೆ ಅವರು ಕೇಳುದಿಲ್ಲ ಅಣ್ಣ, ಸಹಿ ಮಾಡಿದವರೇ ಜವಾಬ್ದಾರರು ಅಂತಾರೆ."

"ದಿಶಾ ದೀದಿ ಏನೂ ಹೇಳಲೇ ಇಲ್ಲ..." ಕಾಂಚನಾ ಮೆಲ್ಲಗೆ ಅಂದಳು.

"ಅವಳು ಹೇಳ್ಬೇಕು ಅಂತಿದ್ಳು ಮಗಾ. ನಾನೇ ಬಾಯಿ ಮುಚ್ಚಿಸಿದ್ದು. ಈಗ ವರ್ಷಕ್ಕೊಮ್ಮೆ ಸಮಿತ್ ಬರ್ತಾನೆ. ಅವನು ಹೋದ ಮೇಲೆ ಒಂದು ವಾರ ಇವಳು ಅವನ ಟವೆಲು ಒಗೆಯುದಿಲ್ಲ."

ಯಜಮಾನರು ತಲೆ ತಗ್ಗಿಸಿದರು. "ತಪ್ಪು ಮಾತಾಡಿದೆ ತಂಗೀ" ಎಂದರು. "ಆದ್ರ ಪುರಾವೆ ಎಲ್ಲಿಂದ ತರೂದು? ಆ ತಿಂಗಳ ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿಲ್ಲ."

ಕಾಂಚನಾ ನನ್ನ ಕಡೆ ನೋಡಿದಳು. ನಾನು ಹಂಚಿನ ಮೇಲಿನ ರೊಟ್ಟಿಯ ಕಡೆ ನೋಡಿದೆ. ಆಮೇಲೆ ಅವಳು ಫೋನು ತೆಗೆದು ಅಪ್ಪನ ಮುಂದೆ ಇಟ್ಟಳು. ಠಾಕುರ್ಲಿಯ ಬೆಂಚು. ತೊಯ್ದ ಛತ್ರಿ. ಒಂದೇ ಡಬ್ಬಿಯಲ್ಲಿ ಎರಡು ಕೈ. ಕೆಳಗೆ, "ಮುಂದಿನ ಬೋಗಿಯಲ್ಲಿದ್ದೇನೆ", "ಗಾಡಿ ಲೇಟ್, ಹೋಗಬೇಡಿ" ಎಂಬ ಸಂದೇಶಗಳು. ತಿಂಗಳ ತುಂಬ, ದಿನವೂ.

ಇವರು ಕನ್ನಡಕ ಏರಿಸಿಕೊಂಡು ನೋಡಿದರು. "ಇದು ನಮ್ಮ ಮನಿ ಡಬ್ಬಿ ಅಲ್ಲ?"

"ಹೌದ್ರಿ. ಒಬ್ಬಾಕಿಗೆ ಅಷ್ಟು ಚಪಾತಿ ಯಾಕ ಕಟ್ತಿದ್ದೆ ಅನ್ಕೊಂಡೀರಿ?" ಎಂದೆ.

ಸ್ವರ್ಣಲತಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. "ಇನ್ನೆಂತ ಪುರಾವೆ ಬೇಕು ಅಣ್ಣ? ಇದನ್ನೇ ಕಳಿಸಿ. ಆಷಾಢ ಅಂದ್ರೆ ಎಂತದ್ದು ಅಂತ ನಾಲ್ಕು ಸಾಲು ಬರೀರಿ. ಎರಡೂ ಮನೆಯ ಹಿರಿಯರು ಸಹಿ ಹಾಕಿ. ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ ಕೂಡಿಸಿ. ಸಹಾಯ ಬೇಕಾದ್ರೆ ಲೈಸೆನ್ಸ್ ಇರುವ ಸಲಹೆಗಾರರು ಯಾರು ಅಂತ ಅವರ ಸರಕಾರದ ವೆಬ್‌ಸೈಟಿಂದಲೇ ನೋಡ್ಲಿಕ್ಕೆ ಆಗ್ತದೆ. ಅಳಿಯ ಅಲ್ಲೇ ವಿಚಾರಿಸ್ಲಿ."

ಹಿರಿಯರ ಸಹಿ ಎಂದರೆ ಮಹಾದೇವಕ್ಕನ ಸಹಿ. ಪದ್ಧತಿ ಬಿಡದ ಹೆಂಗಸು. ಮಗ ಆಷಾಢದಲ್ಲಿ ದಿನಾ ಹೆಂಡತಿಯನ್ನು ಭೇಟಿಯಾಗುತ್ತಿದ್ದ ಎಂದು ಅವರ ಮುಂದೆ ಹೇಳುವುದು ಹೇಗೆ? ಭಾನುವಾರ ನಾವಿಬ್ಬರೂ ಕಾಂಚನಾಳನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆವು. ದಾರಿಯಲ್ಲಿ ಗಾಡಿ ಠಾಕುರ್ಲಿಯಲ್ಲಿ ನಿಂತಾಗ ಮೂವರೂ ಬೆಂಚಿನ ಕಡೆ ನೋಡಿದೆವು.

ಮಹಾದೇವಕ್ಕ ಎಲ್ಲ ಕೇಳಿಸಿಕೊಂಡರು. ಫೋನಿನ ಫೋಟೋ ಒಂದೊಂದಾಗಿ ನೋಡಿದರು. ಮಗನ ಮುಖದ ಮೇಲೆ ಬೆರಳು ತಾಗಿ ಫೋಟೋ ದೊಡ್ಡದಾಯಿತು. ಅದನ್ನೇ ನೋಡುತ್ತ ಕೂತರು.

"ದಿನಾ ಸಂಜೀಕ ಕೊತ್ತಂಬ್ರಿ ತರ್ತೀನಂತ ಹೋಗಾಂವ. ಮನಿ ತುಂಬ ಕೊತ್ತಂಬ್ರಿ ಆಗಿತ್ತು" ಎಂದರು.

"ನೀವು ಕೇಳಲಿಲ್ಲೇನ್ರಿ?" ಎಂದೆ.

"ಕೇಳಿದ್ರ ಸುಳ್ಳು ಹೇಳಬೇಕಾಗ್ತಿತ್ತು ಅವಗ. ಯಾಕ ಬೇಕು? ಕೊತ್ತಂಬ್ರಿ ವಡಿ ಮಾಡಿದೆ." ಆಮೇಲೆ ಕಾಂಚನಾಳನ್ನು ಹತ್ತಿರ ಕೂಡಿಸಿಕೊಂಡರು. "ಪೆನ್ ಕೊಡು. ಸೊಸೀನ ತವರಿಗೆ ನಾನ ಕಳಿಸಿದ್ದೆ ಅಂತ ಬರಿ. ಇದ್ದದ್ದ ಇದ್ದಂಗ ಬರಿ. ನನಗೇನು ಅಂಜಿಕಿ?"

ಉತ್ತರ ಗಡುವಿನೊಳಗೆ ಹೋಯಿತು. ರಮಾಕಾಂತ ಎರಡು ಸಲ ಫೋನು ಮಾಡಿದರು. ಇವರು, "ಬ್ಯಾಡ್ರಿ, ನಮ್ಮ ಕಡೆ ಖರೇ ಕಾಗದನ ಅದಾವ" ಎಂದು ಇಟ್ಟುಬಿಟ್ಟರು.

ಅದಾಗಿ ವೀಸಾ ಬಂದುಬಿಟ್ಟಿತು ಎಂದು ಬರೆಯಲು ನನಗೂ ಆಸೆ. ಇನ್ನೂ ಬಂದಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಎಂದಷ್ಟೇ ವೆಬ್‌ಸೈಟು ಹೇಳುತ್ತದೆ. ನಿಜ ಬರೆದರೆ ಬೇಗ ಬರುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ಕಾಯುವ ದಾರಿಯಾದರೂ ನಮಗೆ ತೆರೆದೇ ಇದೆ. ದಿಶಾಳಿಗೆ ಅದೂ ಇಲ್ಲ, ಅವಳು ವರ್ಷ ಸವೆಸಬೇಕು.

ಈಗ ಸಂಜೆ ದಿಶಾ ಐರೋಲಿಯಿಂದ ಬಂದು ಠಾಣೆಯಲ್ಲಿ ಕಾಂಚನಾಳಿಗೆ ಜೊತೆಯಾಗುತ್ತಾಳೆ. ಕೆಲವು ದಿನ ಇಬ್ಬರೂ ಠಾಕುರ್ಲಿಯವರೆಗೆ ಹೋಗಿ ಆ ಬೆಂಚಿನ ಮೇಲೆ ಕೂತು ಬರುತ್ತಾರೆ. ಕೆನಡಾದಲ್ಲಿ ಆಗ ಬೆಳಗಿನ ಹೊತ್ತು. ರಾಜಶೇಖರ ಕೆಲಸಕ್ಕೆ ಹೊರಟಿರುತ್ತಾರೆ. ಕಾಂಚನಾ ಫೋನನ್ನು ಹಳಿಯ ಕಡೆ ತಿರುಗಿಸಿ ಗಾಡಿ ಬರುವುದನ್ನು ತೋರಿಸುತ್ತಾಳಂತೆ. ಅವರು ಪ್ರತಿ ಸಲ ಕೇಳುವುದು ಒಂದೇ, "ಕಲ್ಯಾಣದ್ದೋ, ಡೊಂಬಿವಲಿದೋ?"

ಮತ್ತೆ ಆಷಾಢ ಹತ್ತಿರ ಬಂತು. ಮೊನ್ನೆ ಮಹಾದೇವಕ್ಕ ಫೋನು ಮಾಡಿದ್ದರು. "ಬೀಗತೀ, ಈ ಸಲ ವೀಸಾ ಆಷಾಢದಾಗ ಬಂದ್ರ ಆಷಾಢದಾಗ ಕಳಸ್ರಿ. ಒಂದ್ ದಿನಾನೂ ನಿಲ್ಲಿಸಬ್ಯಾಡ್ರಿ. ನಾ ಬೇಕಾದ್ರ ಹೊಸ್ತಲಾ ದಾಟೂದಿಲ್ಲ, ಕೆಳಗ ರಸ್ತೇದಾಗ ನಿಂತು ನೋಡಿ ಹೋಗ್ತೀನಿ."

ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಅರ್ಜಿ ಹಾಕಿ ಕಾಯುತ್ತಿದ್ದರೆ ಇಷ್ಟು ಮಾಡಿ. ಬೇಗ ಮಾಡಿಸಿಕೊಡುತ್ತೇನೆ ಎಂದವರನ್ನು ಬಾಗಿಲಲ್ಲೇ ನಿಲ್ಲಿಸಿ. ಲೈಸೆನ್ಸ್ ಇದೆಯೇ ಎಂದು ಆ ದೇಶದ ಸರಕಾರದ ವೆಬ್‌ಸೈಟಿನಲ್ಲಿ ನೋಡಿ. ಏನು ಬರೆದಿದೆ ಎಂದು ಪೂರ್ತಿ ಓದದೆ ಸಹಿ ಮಾಡಬೇಡಿ. ಕಚೇರಿಯಿಂದ ಬಂದ ಪ್ರಶ್ನೆಗೆ ಗಡುವಿನೊಳಗೆ ಉತ್ತರ ಕೊಡಿ. ನಮ್ಮ ಪದ್ಧತಿ ಅವರಿಗೆ ಗೊತ್ತಿಲ್ಲದಿದ್ದರೆ ಬಿಡಿಸಿ ಹೇಳಿ, ನಾಚಿಕೊಂಡು ಸುಳ್ಳಿನ ಹಿಂದೆ ಅಡಗಬೇಡಿ. ಫೋಟೋ, ಸಂದೇಶ, ಟಿಕೀಟು ಯಾವುದನ್ನೂ ಅಳಿಸಬೇಡಿ. ಮೋಸ ಹೋಗಿದ್ದರೆ ಸ್ವರ್ಣಲತಾ ಹೇಳಿದ ಹಾಗೆ ನೀವೂ ಪಕ್ಕದ ಮನೆಗೆ ಹೇಳಿ, ಅವರ ಮಗಳಾದರೂ ಉಳಿದಾಳು.

ಕೊನೆಗೆ ಇನ್ನೊಂದು. ಕಾಯುತ್ತಿರುವ ಹುಡುಗಿ ಎದುರಾದಾಗಲೆಲ್ಲ "ವೀಸಾ ಬಂತೇನು?" ಎಂದು ಕೇಳಬೇಡಿ. ಬಂದ ದಿನ ಅವಳೇ ಬಿಲ್ಡಿಂಗಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾಳೆ. ಅಲ್ಲಿಯ ತನಕ ಅವಳು ಕೂತ ಬೆಂಚಿನ ಮೇಲೆ, ಏನೂ ಕೇಳದೆ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.