ತಮ್ಮ ಕಾಯಿಸಿದ ಡೀಸೆಲ್

ಅಕ್ಕನಿಗೆ ಆ ದಿನಗಳಲ್ಲಿ ಬೇಕಾಗಿದ್ದದ್ದು ಒಂದೇ. ಕೆಲಸ ಮುಗಿಸಿ ಮನೆಗೆ ಬಂದಾಗ ಒಳಗೊಬ್ಬ ಮನುಷ್ಯ ಎದ್ದು ಓಡಾಡುತ್ತಿರಬೇಕು. ಅವಳು ಲಾಂಡ್ರಿಯ ವ್ಯಾನು ಓಡಿಸುವವಳು. ಒಗೆದ ಬೆಡ್‌ಶೀಟುಗಳನ್ನು ಲಾಡ್ಜುಗಳಿಗೆ ಮುಟ್ಟಿಸಬೇಕು, ಕೊಳೆಯಾದವನ್ನು ಮೂಟೆ ಕಟ್ಟಿ ತರಬೇಕು, ಲಿಫ್ಟು ಕೆಟ್ಟಿದ್ದರೆ ಮೂಟೆ ಹೊತ್ತು ಮಹಡಿ ಇಳಿಯಬೇಕು. ಲಿಫ್ಟು ಕೆಡದ ಲಾಡ್ಜು ಇನ್ನೂ ಹುಟ್ಟಿಲ್ಲ. ವ್ಯಾನು ಅವಳ ಸ್ವಂತದ್ದು, ಅಪ್ಪ ಓಡಿಸಿ ಬಿಟ್ಟುಹೋದದ್ದು. ಅದು ಓಡಿದರೆ ಇಬ್ಬರ ಹೊಟ್ಟೆಗೂ ಊಟ, ನಿಂತರೆ ಇಬ್ಬರಿಗೂ ಉಪವಾಸ.

ಇಬ್ಬರು ಎಂದರೆ ಅವಳು ಮತ್ತು ಅವಳ ತಮ್ಮ. ಗಾಜಿನ ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಕುಡಿತವಿಲ್ಲ, ಜಗಳವಿಲ್ಲ, ಬೈದರೆ ಎದುರುತ್ತರವೂ ಇಲ್ಲ. ಕರೆದರೆ ಎದ್ದು ಎರಡು ತುತ್ತು ತಿಂದು ಮತ್ತೆ ಮಲಗುವನು. ಉತ್ತರ ಕೊಡದವನನ್ನು ಎಷ್ಟು ಹೊತ್ತು ಅಂತ ಬೈಯುವುದು? ಬೈದೂ ಬೈದೂ ಅವಳ ಬಾಯಿಯೇ ಬತ್ತಿತು. ಒಂದು ದಿನ ಮನೆಗೆ ಬಂದಾಗ ಇವನು ಉಸಿರಾಡುತ್ತಿರದಿದ್ದರೆ ಎಂಬ ಹೆದರಿಕೆ ಮಾತ್ರ ಬತ್ತಲಿಲ್ಲ.

ಒಂದು ಮಧ್ಯಾಹ್ನ ಲಾಡ್ಜೊಂದರ ಹಿತ್ತಿಲಲ್ಲಿ ಅಡುಗೆಯವನು ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಸುರಿಯಲು ಹೊರಟಿದ್ದ. ಅಕ್ಕ ಗದರಿದಳು. ಅವನು ನಕ್ಕು ಡಬ್ಬವನ್ನು ಅವಳ ಕೈಗೇ ಕೊಟ್ಟ. "ಅಷ್ಟು ಸಂಕಟ ಆದ್ರೆ ನಿಮ್ಮ ವ್ಯಾನಿಗೇ ಹಾಕ್ಕೊಳ್ಳಿ."

ಸಂಜೆ ಒಲೆ ಹಚ್ಚುತ್ತ ಅವಳು ಅದನ್ನೇ ಹೇಳಿದಳು. ಯಾರಿಗೆ ಹೇಳಿದಳೆಂದು ಕೇಳಿದರೆ ಪಾತ್ರೆಗಳಿಗೆ ಎನ್ನಬೇಕು.

"ಹಾಕಬಹುದು," ಅಂತು ಹಾಸಿಗೆ.

ಅಕ್ಕನ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳು ಸುಡುವವರೆಗೂ ಉರಿಯಿತು.

"ಹಾಗೇ ಅಲ್ಲ," ತಮ್ಮ ಮುಂದುವರಿಸಿದ. "ಶುದ್ಧ ಮಾಡಬೇಕು. ನಮ್ಮ ಫ್ಯಾಕ್ಟರೀಲಿ ಒಬ್ಬ ಮಾಡ್ತಿದ್ದ."

ಮರುದಿನದಿಂದ ಅವಳು ವ್ಯಾನಿನಲ್ಲಿ ಕೊಳೆ ಬಟ್ಟೆಯ ಜೊತೆ ಹಳೆ ಎಣ್ಣೆಯನ್ನೂ ಹೇರಿಕೊಂಡು ಬಂದಳು. ಹಿತ್ತಿಲ ಶೆಡ್ಡು ತಮ್ಮನ ಪಾಲಾಯಿತು. ಹರಿದ ಬೆಡ್‌ಶೀಟಿನಲ್ಲಿ ಎಣ್ಣೆ ಸೋಸುವುದು, ನೀರಿನ ಪಸೆ ಹೋಗುವವರೆಗೆ ಕಾಯಿಸುವುದು, ಆರಿಸುವುದು, ಒಲೆಯನ್ನೆಲ್ಲ ನಂದಿಸಿದ ಮೇಲೆ ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಬೆರೆಸಿ ಕದಡುವುದು. ಮೆಥನಾಲ್ ಎಂಬುದು ಕುಡಿದರೆ ಕಣ್ಣು ಹೋಗುವಂಥ ವಿಷದ ಸ್ಪಿರಿಟ್ಟು, ಬೆಂಕಿ ತಗುಲಿದರೆ ಉರಿ ಸಹ ಕಾಣದು. ಅದಕ್ಕೇ ಅವನು ಅಕ್ಕನನ್ನು ಶೆಡ್ಡಿನ ಹೊಸ್ತಿಲು ತುಳಿಯಲು ಬಿಡಲಿಲ್ಲ. ಬೆರೆಸಿದ್ದನ್ನು ಇಡೀ ದಿನ ಮುಟ್ಟದೆ ಬಿಟ್ಟರೆ ಮಡ್ಡಿಯೆಲ್ಲ ಕೆಳಗೆ ಕೂತು ಡೀಸೆಲ್ ಮೇಲೆ ನಿಲ್ಲಬೇಕು.

ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಮೊದಲ ಸಲ ಇಡೀ ಡ್ರಮ್ಮು ಸಾಬೂನಾಗಿ ಗಟ್ಟಿಯಾಯಿತು. ಎಣ್ಣೆಯಲ್ಲಿ ನೀರು ಉಳಿದಿತ್ತಂತೆ. ಅಕ್ಕ ಅದರಲ್ಲಿ ಅಂಗಳ ಉಜ್ಜಿದಳು, ವ್ಯಾನು ತೊಳೆದಳು, ಅಷ್ಟಾದರೂ ಮುಗಿಯಲಿಲ್ಲ. ಎರಡನೆಯದು ಮೊಸರಾಯಿತು. ಮನೆ, ಕೂದಲು, ದಿಂಬು, ಎಲ್ಲ ಕಡೆ ಕರಿದ ನಾತ. ಪಕ್ಕದ ಮನೆಯಾಕೆ ದನಿ ತಗ್ಗಿಸಿ, "ನಿನ್ನ ತಮ್ಮ ಎಣ್ಣೆ ಹಿಂದೆ ಬಿದ್ದಿದಾನಂತೆ?" ಎಂದು ಕೇಳಿದಳು. "ಆ ಎಣ್ಣೆ ಅಲ್ಲ ಕಣ್ರೀ," ಎಂದು ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. ವಿವರಿಸುವುದಕ್ಕೂ ಮೈಯಲ್ಲಿ ಕಸುವು ಬೇಕು.

ಆದರೂ ಅವನು ಎದ್ದಿದ್ದ. ಗಡ್ಡ ತೆಗೆದಿದ್ದ. ಒಂದು ಸಂಜೆ ಗಾಜಿನ ಬಾಟಲಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಒಳಗೆ ತಿಳಿಯಾದ ಹೊಂಬಣ್ಣದ ಡೀಸೆಲ್.

"ವ್ಯಾನಿಗೆ ಹಾಕೋಣ್ವಾ ಅಕ್ಕ?"

ಅಕ್ಕನಿಗೆ ಅತ್ತ ದರಿ, ಇತ್ತ ಪುಲಿ. ಹಾಕಿದರೆ ಅನ್ನ ಕೊಡುವ ವ್ಯಾನಿನ ಗತಿ ಏನೋ, ಬೇಡವೆಂದರೆ ಇವನ ಗತಿ ಏನೋ. ಅವಳು ಅವನ ಮುಖ ನೋಡಿ ಹೂಂ ಎಂದಳು.

ಹೊರಟ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಪಕ್ಕದಲ್ಲಿ ಕೂತ. ವ್ಯಾನು ಕೆಮ್ಮಲಿಲ್ಲ, ಕರಿ ಹೊಗೆ ಉಗುಳಲಿಲ್ಲ. ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಬೈಕಿನವನು ಮೂಗರಳಿಸಿ, "ಏನು ಮೇಡಂ, ಒಳಗೆ ಬೋಂಡಾ ಬೇಯಿಸ್ತಿದೀರಾ?" ಎಂದ. ತಮ್ಮ ಗಟ್ಟಿಯಾಗಿ ನಕ್ಕ. ಅಕ್ಕ ರಸ್ತೆ ನೋಡುವುದನ್ನು ಬಿಟ್ಟು ಅವನನ್ನೇ ನೋಡಿದಳು.

ಒಂದೆರಡು ದಿನ ಹಾಗೇ ಚೆನ್ನಾಗಿ ಓಡಿತು. ಆಮೇಲೊಂದು ಬೆಳಿಗ್ಗೆ, ಪೇಟೆಯ ನಡುರಸ್ತೆಯಲ್ಲಿ, ಎರಡು ಸಲ ಜಗ್ಗಿ ನಿಂತೇಹೋಯಿತು.

ಹಿಂದೆ ಹಾರ್ನು. ಮುಂದೆ ಪೊಲೀಸಿನವನ ಸೀಟಿ. ದೊಡ್ಡ ಲಾಡ್ಜಿನ ಮ್ಯಾನೇಜರು ಫೋನಿನಲ್ಲಿ, "ಕೋಣೆಗೆ ಬಂದೋರನ್ನ ಬರೀ ಹಾಸಿಗೆ ಮೇಲೆ ಮಲಗಿಸ್ಲಾ? ನಾಳೆಯಿಂದ ಬೇರೆ ಲಾಂಡ್ರಿ ನೋಡ್ಕೋತೀನಿ," ಎಂದು ಕೂಗುತ್ತಿದ್ದಾನೆ. ತಮ್ಮ ಇಳಿದು ಬಾನೆಟ್ಟು ಎತ್ತಿ, "ಒಂದ್ನಿಮಿಷ ಅಕ್ಕ, ನೋಡ್ತೀನಿ, ಒಂದ್ನಿಮಿಷ," ಎನ್ನುತ್ತಿದ್ದಾನೆ. ಬೆರಳು ಸುಟ್ಟರೂ ಅವನು ಬಿಸಿ ಇಂಜಿನ್ನಿನಿಂದ ಕೈ ತೆಗೆಯಲಿಲ್ಲ. ಅದನ್ನು ಕಂಡರೂ ಅವಳು ಸುಮ್ಮನಾಗಲಿಲ್ಲ. ಎಷ್ಟೋ ತಿಂಗಳ ಮೂಟೆ, ಮೆಟ್ಟಿಲು, ನಾತ ಎಲ್ಲ ಒಟ್ಟಿಗೇ ನೆತ್ತಿಗೇರಿತು.

"ನೀನು ಮಲಗಿದ್ದಾಗಲೇ ಮನೆ ನೆಟ್ಟಗಿತ್ತು ಕಣೋ! ಯಾಕಾದ್ರೂ ಎದ್ದೆಯೋ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಾನೆಟ್ಟನ್ನು ಮೆಲ್ಲಗೆ, ಸದ್ದಾಗದ ಹಾಗೆ ಇಳಿಸಿದ. ಕೈ ಒರೆಸಿಕೊಂಡು ಮನೆಯ ದಿಕ್ಕಿಗೆ ನಡೆದುಹೋದ. ಅವಳು ಕೂಗಬಹುದಿತ್ತು. ಕೂಗಲಿಲ್ಲ.

ಅಪ್ಪನ ಕಾಲದಿಂದ ವ್ಯಾನು ರಿಪೇರಿ ಮಾಡುತ್ತಿದ್ದ ಮುದಿ ಮೆಕ್ಯಾನಿಕ್ಕು ಬಂದು, ಬೈದುಕೊಂಡೇ ಕೆಳಗೆ ತೂರಿ, ಡೀಸೆಲ್ ಫಿಲ್ಟರು ಬಿಚ್ಚಿದ. ಅದರೊಳಗೆ ಟಾರಿನಂಥ ಕಪ್ಪು ರಾಡಿ.

"ನೋಡಿದ್ರಾ ಮಾಮ, ಅವನು ಮಾಡಿದ ಡೀಸೆಲ್ಲು!"

ಮೆಕ್ಯಾನಿಕ್ಕು ಟ್ಯಾಂಕಿನಿಂದ ಒಂದಿಷ್ಟು ಹಿಡಿದು ಬೆರಳಿಗೆ ಹಚ್ಚಿ ಉಜ್ಜಿ ನೋಡಿದ, ಮೂಸಿ ನೋಡಿದ.

"ಡೀಸೆಲ್ಲು ಚೆನ್ನಾಗಿದೆ ಕಣಮ್ಮ. ಚೆನ್ನಾಗಿರೋದ್ರಿಂದಲೇ ಹೀಗಾಗಿದ್ದು. ಎಣ್ಣೆ ಡೀಸೆಲ್ಲು ಹೋದ ಕಡೆಯೆಲ್ಲ ತೊಳ್ಕೊಂಡು ಹೋಗುತ್ತೆ. ಈ ರಾಡಿ ಅವನದಲ್ಲ. ನಿಮ್ಮಪ್ಪ ಅಗ್ಗ ಅಂತ ಕಂಡಕಂಡಲ್ಲಿ ಹಾಕಿಸ್ತಿದ್ನಲ್ಲ, ಆ ಕಾಲದಿಂದ ಟ್ಯಾಂಕಿನ ತಳದಲ್ಲಿ ಕೂತಿತ್ತು. ಈಗ ಕಿತ್ಕೊಂಡು ಬಂದು ಫಿಲ್ಟರಿಗೆ ಮೆತ್ಕೊಂಡಿದೆ. ಯಾಕೆ, ಹುಡುಗನ್ನ ಬೈದೆಯಾ?"

ಅವಳು ಹಳೆ ಫಿಲ್ಟರನ್ನು ಚಿಂದಿಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಅವನು ಹೊಸ ಫಿಲ್ಟರು ಕೂರಿಸಿದ.

ವ್ಯಾನು ಹೊರಟಿತು. ದೊಡ್ಡ ಲಾಡ್ಜಿನವನ ಕೈಲಿ ಬೈಸಿಕೊಂಡಳು, ಕೈ ಮುಗಿದಳು, ಮಿಕ್ಕ ಲಾಡ್ಜುಗಳ ಮೂಟೆ ಇಳಿಸಿದಳು, ಏರಿಸಿದಳು. ಕೆಲಸ ಬಿಟ್ಟು ಮನೆಗೆ ಓಡುವ ಹಾಗಿರಲಿಲ್ಲ. ಸಂಜೆಯವರೆಗೂ ಎದೆಯಲ್ಲಿ ಕಲ್ಲು ಇಟ್ಟುಕೊಂಡೇ ಮೆಟ್ಟಿಲು ಹತ್ತಿದಳು.

ಅವನು ಮಲಗಿದ್ದ. ಅದೇ ಇಸ್ತ್ರಿ ಅಂಗಿ, ಗೋಡೆಯ ಕಡೆ ಮುಖ. ಬೆನ್ನು ಏರಿ ಇಳಿಯುತ್ತಿರುವುದನ್ನು ಮೊದಲು ನೋಡಿಕೊಂಡಳು. ಆಮೇಲೆ ನೆಲದ ಮೇಲೆ, ಮಂಚಕ್ಕೆ ಒರಗಿ ಕೂತಳು.

"ತಪ್ಪು ನಂದು ಕಣೋ," ಅಂದಳು. ಹುಟ್ಟಿದಾರಭ್ಯ ಅವನಿಗೆ ಆ ಮಾತು ಹೇಳಿದವಳಲ್ಲ.

"ನಿನ್ನ ಡೀಸೆಲ್ಲು ಚೆನ್ನಾಗಿತ್ತಂತೆ. ಕೊಳೆ ಇದ್ದದ್ದು ನಮ್ಮ ಟ್ಯಾಂಕಲ್ಲಿ. ಅಪ್ಪನ ಕಾಲದ್ದಂತೆ."

ಅವಳು ಚೀಲದಿಂದ ಹಳೆ ಫಿಲ್ಟರು ತೆಗೆದು, ಕೈ ಚಾಚಿ, ಅವನ ಮುಖದ ಮುಂದೆ ಇಟ್ಟಳು. ಬಿಳಿ ಬೆಡ್‌ಶೀಟಿನ ಮೇಲೆ ಕಪ್ಪು ಹರಡಿತು. ಒಗೆದರಾಯಿತು ಅಂದುಕೊಂಡು ಕಣ್ಣು ಮುಚ್ಚಿದಳು. ಬೆನ್ನ ಹಿಂದೆ ತಮ್ಮನ ಉಗುರು ಫಿಲ್ಟರು ಕೆರೆಯುವ ಸದ್ದಾಯಿತು.

"ಮಾಮ ಟ್ಯಾಂಕು ಇಳಿಸಿ ತೊಳೆದ್ರಾ?"

ಅಕ್ಕ ಕಣ್ಣು ಬಿಟ್ಟಳು. "ಇಲ್ಲ. ಫಿಲ್ಟರು ಬದಲಾಯಿಸಿದ್ರು, ಅಷ್ಟೆ."

"ಹಂಗಾದ್ರೆ ಇನ್ನೂ ಇರುತ್ತೆ ಒಳಗೆ," ಅಂದ ಅವನು. "ಇನ್ನೂ ಒಂದೆರಡು ಸಲ ನಿಲ್ಲುತ್ತೆ ಅಕ್ಕ. ಆಮೇಲೆ ಸರಿಹೋಗುತ್ತೆ. ನೀನು ಬಂಕಿನ ಡೀಸೆಲ್ಲೇ ಹಾಕಿಸ್ಕೋ. ಆಗ ಈ ರಗಳೆ ಇರಲ್ಲ."

ಅವಳು ಯೋಚಿಸಿದಳು. ಹಾರ್ನು, ಸೀಟಿ, ಮ್ಯಾನೇಜರನ ಬಾಯಿ, ಇನ್ನೂ ಒಂದೆರಡು ಸಲ. ನೆನೆದರೇ ಸೊಂಟ ನೋಯುತ್ತಿತ್ತು. ಮ್ಯಾನೇಜರು ಹೇಳಿದ್ದನ್ನು ಮಾಡಿಯೂ ಬಿಟ್ಟಾನು.

"ನಿಲ್ಲಲಿ ಬಿಡೋ," ಅಂದಳು. "ಆದ್ರೆ ನಿಂತಾಗ ನೀನು ಪಕ್ಕದಲ್ಲಿರಬೇಕು. ಫಿಲ್ಟರು ಬಿಚ್ಚೋದು ನನಗೆ ಗೊತ್ತಿಲ್ಲ."

ಮಂಚ ಕಿರುಗುಟ್ಟಿತು. ಅವನು ಎದ್ದು ಕೂತನೋ, ಬರೀ ಮಗ್ಗುಲಾದನೋ, ಅವಳು ತಿರುಗಿ ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ.

"ಬೆಳಿಗ್ಗೆ ನನ್ನನ್ನ ಎಬ್ಬಿಸು," ಅಂದ ತಮ್ಮ.

ಅಕ್ಕ ಹೂಂ ಅನ್ನಲು ಹೋದವಳು ಅಲ್ಲೇ ನೆಲದ ಮೇಲೆ ಸೆರಗು ಹೊದ್ದು ಅತ್ತುಬಿಟ್ಟಳು.